ಮುಖ್ಯ ತಂಡ ಬರುವ ಮುನ್ನ: ಕೊಡಗಿನ ಎರಡು ವೇದಿಕೆಗಳ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಹೆಸರಾದ ಗಾಯಕರಿಗಿಂತ ಮುಂಚೆ ವೇದಿಕೆ ಹತ್ತಿ ಹಾಡಿದ ಒಂದು ಹೊಸ ತಂಡದ ಎರಡು ರಾತ್ರಿಗಳ ಕಥೆ ಇದು. ಈ ಬರಹದಲ್ಲಿ ತಂಡದ ಹೆಸರಿಲ್ಲ. ಕಾರ್ಯಕ್ರಮ ನಡೆದ ಊರುಗಳ ಹೆಸರಿಲ್ಲ. ಮುಖ್ಯ ಗಾಯಕರು ಯಾರೆಂದೂ ಹೇಳಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಎರಡೂ ರಾತ್ರಿ ವೇದಿಕೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಯಾರು ಯಾವಾಗ ಹತ್ತಬೇಕು, ಯಾರನ್ನು ಯಾವಾಗ ಇಳಿಸಬೇಕು ಅನ್ನೋದು. ಹಾಗಾಗಿ ಹಾಡು ಕೇಳಿದ್ದಕ್ಕಿಂತ ಗಡಿಯಾರ ನೋಡಿದ್ದೇ ಜಾಸ್ತಿ.

ತಂಡದಲ್ಲಿ ಐವರು. ಗಾಯಕಿ, ಗಿಟಾರ್, ಬೇಸ್, ಡ್ರಮ್ಸ್, ತಬಲಾ. ಮೈಸೂರಿನಲ್ಲಿ ಓದುವಾಗ ಒಟ್ಟಾದವರು. ಹಾಡುವುದು ತಮ್ಮದೇ ಕನ್ನಡ ಹಾಡುಗಳು. ಮೈಸೂರಿನಲ್ಲಿ ಕೆಫೆ, ಕಾಲೇಜು ಹಬ್ಬ ಅಂತ ಓಡಾಡಿಕೊಂಡು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅಲ್ಲಿನ ಕೇಳುಗರಲ್ಲಿ ಅರ್ಧ ಜನ ಗೆಳೆಯರು, ಉಳಿದರ್ಧ ಗೆಳೆಯರ ಗೆಳೆಯರು. ಗೊತ್ತೇ ಇಲ್ಲದ ಜನರ ಮುಂದೆ ನಿಂತ ಅನುಭವ ಇರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಅವರಿಗೆ ಒಂದು ಅವಕಾಶ ಬಂತು. ಸಿನಿಮಾ ಹಾಡುಗಳಿಂದ ಹೆಸರಾದ ಗಾಯಕರೊಬ್ಬರ ತಂಡ ಕೊಡಗಿನಲ್ಲಿ ಎರಡು ಕಡೆ ಹಾಡುವುದಿತ್ತು. ಶುಕ್ರವಾರ ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ, ಭಾನುವಾರ ಕುಶಾಲನಗರದ ಕಡೆ. ಎರಡೂ ಕಡೆ ಮೊದಲಿಗೆ ಈ ತಂಡ ಹಾಡಬೇಕು. 40 ನಿಮಿಷ ಕೊಡುತ್ತೇವೆ ಅಂದಿದ್ದರು.

ಕೊಡಗಿನ ಜನ ಅಂದರೆ ಒಂದೇ ಬಗೆಯ ಜನ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 5.54 ಲಕ್ಷ. ಅಷ್ಟರಲ್ಲೇ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವ, ಕುರುಬ, ಕನ್ನಡ ಎಲ್ಲ ಇವೆ. ತೋಟದ ಲೈನ್‌ಮನೆಗಳಿಗೆ ಈಗ ಅಸ್ಸಾಂ ಕಡೆಯಿಂದ ಬಂದವರೂ ಸೇರಿದ್ದಾರೆ. ಸೋಮವಾರಪೇಟೆ, ಕುಶಾಲನಗರದ ಕಡೆ ಹೋದರೆ ಮನೆಯಲ್ಲೇ ಕನ್ನಡ ಮಾತಾಡುವವರು ಹೆಚ್ಚು. ದಕ್ಷಿಣಕ್ಕೆ ಬಂದರೆ ಬೇರೆ ಲೆಕ್ಕ. ಎಲ್ಲರಿಗೂ ಕನ್ನಡ ಗೊತ್ತು, ಹಾಡೂ ಕೇಳುತ್ತಾರೆ. ಆದರೆ ಹೊಸ ಹಾಡಿನ ಸಾಹಿತ್ಯವನ್ನು ಮೊದಲ ಸಲಕ್ಕೇ ಹಿಡಿದುಕೊಳ್ಳುವ ಜನ ಕಡಿಮೆ. ಬರೀ ಪದಗಳ ಮೇಲೆ ನಿಂತ ಹಾಡಿಗೆ ಅಲ್ಲಿ ಕಷ್ಟ.

ಇನ್ನೊಂದು ವಿಷಯವಿದೆ. ಕೊಡಗಿನ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ತೋಟದ ನಡುವೆ ಒಂದು, ಗದ್ದೆಯ ಆಚೆ ಇನ್ನೊಂದು. ಜನ ಜೀಪಿನಲ್ಲೋ ಬೈಕಿನಲ್ಲೋ ಬರಬೇಕು, ಕೆಲಸ ಮುಗಿಸಿ ಕತ್ತಲಾದ ಮೇಲೆಯೇ ಬರುತ್ತಾರೆ. ದಕ್ಷಿಣ ಕೊಡಗಿನಲ್ಲಿ ರಾತ್ರಿ ರಸ್ತೆಗೆ ಆನೆ ಬರುವ ಭಯ ಇರುವುದರಿಂದ ದೂರದವರು ಬೇಗ ಎದ್ದೂ ಹೋಗುತ್ತಾರೆ. ಅಂದರೆ ಸಂಜೆ ಆರೂವರೆಗೆ ಮೈದಾನದಲ್ಲಿ ಇರುವವರು ಮುಖ್ಯ ಗಾಯಕರ ಪ್ರೇಕ್ಷಕರಲ್ಲ. ಪೇಟೆಯ ಮಕ್ಕಳು, ಹಾಸ್ಟೆಲ್ ಹುಡುಗರು, ಅಂಗಡಿಯವರು, ಜಾಗ ಹಿಡಿಯಲು ಬೇಗ ಬಂದ ಅಜ್ಜಿಯಂದಿರು. ತಂಡ ಈ ಲೆಕ್ಕ ಹಾಕಿರಲಿಲ್ಲ. ಸಂಘಟಕರೂ ಅವರಿಗೆ ಹೇಳಿರಲಿಲ್ಲ.

ಶುಕ್ರವಾರ

ಮುಖ್ಯ ತಂಡದ ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮುಂಚೆ ಮೈಕು, ವಾದ್ಯಗಳ ಸದ್ದು ಸರಿ ಮಾಡಿಕೊಳ್ಳುವುದು) ಮೊದಲು ನಡೆಯುತ್ತದೆ, ಮುಂಚೆ ಹಾಡುವವರದ್ದು ಕೊನೆಗೆ. ಇದು ಎಲ್ಲ ಕಡೆಯ ಪದ್ಧತಿ, ಅದಕ್ಕೆ ಕಾರಣವೂ ಇದೆ. ಕೊನೆಗೆ ಚೆಕ್ ಮಾಡಿದವರು ಮೊದಲು ಹಾಡಿದರೆ ವೈರು, ಮೈಕು ಇದ್ದಲ್ಲೇ ಇರುತ್ತವೆ. ಆದರೆ ಮುಖ್ಯ ತಂಡದ ಚೆಕ್ ಎಳೆದುಕೊಂಡು ಹೋದರೆ ಕತ್ತರಿ ಬೀಳುವುದು ಕೊನೆಯವರಿಗೆ. ಶುಕ್ರವಾರ ಹಾಗೇ ಆಯಿತು. ನಮ್ಮವರಿಗೆ ಸಿಕ್ಕಿದ್ದು ಒಂದೊಂದು ವಾದ್ಯದ ಸದ್ದು ಬರುತ್ತಿದೆಯಾ ಅಂತ ನೋಡುವಷ್ಟು ಹೊತ್ತು. ಹಾಡುವವರಿಗೆ ಕೇಳಲೆಂದು ವೇದಿಕೆಯ ಮೇಲೆ ಇಡುವ ಮಾನಿಟರ್ ಸ್ಪೀಕರಿನಲ್ಲಿ ಗಾಯಕಿಗೆ ತನ್ನ ದನಿಗಿಂತ ಬೇಸ್ ಜೋರಾಗಿ ಕೇಳುತ್ತಿತ್ತು. ಮುಖ್ಯ ತಂಡದ ಡ್ರಮ್ ಕಿಟ್ ಅಲುಗಾಡಿಸುವಂತಿರಲಿಲ್ಲ. ಅದರ ಮುಂದೆ ಉಳಿದಿದ್ದ ಕಿರಿದಾದ ಜಾಗದಲ್ಲಿ ಇವರ ಕಿಟ್ ತುರುಕಿದ್ದರಿಂದ ಉಳಿದ ನಾಲ್ವರು ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಒಬ್ಬರಿಗೊಬ್ಬರ ಮುಖವೇ ಕಾಣದು.

ಆಮೇಲೆ ಸಭಾ ಕಾರ್ಯಕ್ರಮ. ದೀಪ, ಸ್ವಾಗತ, ಸನ್ಮಾನ, ಭಾಷಣ. ಅದು ಹೇಳಿದ ಹೊತ್ತಿಗೆ ಮುಗಿದ ಉದಾಹರಣೆ ನನಗಂತೂ ನೆನಪಿಲ್ಲ. ಇನ್ನೊಂದು ತುದಿಯಲ್ಲಿ ಶಬ್ದ ಮಾಲಿನ್ಯದ 2000ರ ನಿಯಮ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈದಾನದಲ್ಲಿ ಮೈಕು ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅವಕಾಶ ಸರ್ಕಾರಕ್ಕಿದೆ. ಆದರೆ ಅಂದಿನ ಕಾರ್ಯಕ್ರಮಕ್ಕೆ ಪೊಲೀಸರು ಕೊಟ್ಟಿದ್ದ ಅನುಮತಿ 10ರವರೆಗೆ ಮಾತ್ರ. ಮುಖ್ಯ ಗಾಯಕರಿಗೆ ಎರಡು ಗಂಟೆ ಕೊಡಲೇಬೇಕು. ಭಾಷಣಕ್ಕೆ ಕತ್ತರಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಉಳಿದಿದ್ದು ಈ ಮಕ್ಕಳ ಹೊತ್ತು. 40 ನಿಮಿಷ 25 ಆಯಿತು. ಅದನ್ನು ಅವರಿಗೆ ಹೇಳಿದ್ದು ಮೆಟ್ಟಿಲ ಬಳಿ, ಹತ್ತುವ ಮೊದಲು.

ಅವರ ಹಾಡಿನ ಪಟ್ಟಿ 40 ನಿಮಿಷಕ್ಕೆ ಕಟ್ಟಿದ್ದು. ಮೊದಲು ನಿಧಾನದ ಹಾಡು, ಆಮೇಲೆ ಮೆಲ್ಲಗೆ ಏರುತ್ತಾ ಹೋಗಿ ಕೊನೆಗೆ ಅವರ ಅತ್ಯುತ್ತಮ ಹಾಡು. ಕೆಫೆಯಲ್ಲಿ ಇದು ಸರಿ. ಅಲ್ಲಿ ಕೂತವರು ಕಾಫಿ ಮುಗಿಯುವವರೆಗೂ ಕೂರುತ್ತಾರೆ. ಇಲ್ಲಿ ಕೊನೆ ಬರಲೇ ಇಲ್ಲ. ಅವರ ಅತ್ಯುತ್ತಮ ಹಾಡನ್ನು ಆ ಊರು ಕೇಳಲೇ ಇಲ್ಲ.

ಮಂಜು ಇನ್ನೊಂದು ಕಾಟ ಕೊಟ್ಟಿತು. ವಾದ್ಯಗಳನ್ನು ಶ್ರುತಿ ಮಾಡಿದ್ದು ಬೆಚ್ಚಗಿನ ಕೋಣೆಯಲ್ಲಿ. ಹೊರಗೆ ತಂದ ಮೇಲೆ ಚಳಿಗೆ ಗಿಟಾರಿನ ತಂತಿ ಬಿಗಿದು ಶ್ರುತಿ ಮೇಲೆ ಹೋಯಿತು. ತಬಲಾದ ಚರ್ಮ ತೇವ ಹೀರಿ ಸಡಿಲಾಗಿ ಕೆಳಗೆ ಬಂತು. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಪ್ರತಿ ಹಾಡಾದ ಮೇಲೂ ಸುತ್ತಿಗೆ ಹಿಡಿದು ಕಟ್ ಕಟ್ ಅಂತ ತಟ್ಟುವ ಕೆಲಸ. ಆ ಖಾಲಿ ಹೊತ್ತು ತುಂಬಿಸಲು ಗಾಯಕಿ ಮಾತಾಡಿದಳು. ತಂಡ ಹೇಗೆ ಹುಟ್ಟಿತು, ಹಾಡು ಯಾಕೆ ಬರೆದೆವು, ಎಲ್ಲ. "ನಮ್ಮ ಹಾಡು ಯಾರಾದ್ರೂ ಕೇಳಿದ್ದೀರಾ?" ಅಂದಳು. ಒಬ್ಬರೂ ಮಾತಾಡಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಐಸ್‌ಕ್ರೀಂ ಬೇಕು ಅಂತ ಅಳುತ್ತಿದ್ದ. ಮೈದಾನಕ್ಕೆಲ್ಲ ಕೇಳಿದ್ದು ಅದೊಂದೇ.

ಗೆದ್ದ ಪ್ರಯೋಗ

ಇನ್ನೇನು ಜನ ಪೂರ್ತಿ ಕೈ ಬಿಟ್ಟರು ಅನ್ನುವಾಗ ಗಿಟಾರ್ ಹುಡುಗ ಒಂದು ಕೆಲಸ ಮಾಡಿದ. ಫೋನಿನಲ್ಲಿ ಕೇಳಿ ಕಲಿತಿದ್ದ ವಾಲಗದ ಒಂದು ಮಟ್ಟು ನುಡಿಸಿದ. ಡ್ರಮ್ಸ್ ಜೊತೆಯಾಯಿತು. ಕೊಡಗಿನಲ್ಲಿ ಮದುವೆ ಇರಲಿ, ಹಬ್ಬ ಇರಲಿ, ವಾಲಗ ಕೇಳಿದರೆ ಕಾಲು ಸುಮ್ನೆ ಇರುವುದಿಲ್ಲ. ಮುಂದೆ ನಿಂತಿದ್ದ ಹುಡುಗರು ಕೈ ಎತ್ತಿ ಕುಣಿಯಲು ಶುರು ಮಾಡಿದರು. ಕುರ್ಚಿಯಲ್ಲಿದ್ದ ಇಬ್ಬರು ಹೆಂಗಸರೂ ಎದ್ದರು. ಅಲ್ಲಿವರೆಗೆ ಸಿಗದಿದ್ದದ್ದೆಲ್ಲ ಒಂದೇ ಏಟಿಗೆ ಸಿಕ್ಕಿತು.

ಎರಡು ನಿಮಿಷ ನುಡಿಸಿ ತಂಡ ತನ್ನ ಹಾಡಿಗೆ ಮರಳಿತು. ಕುಣಿಯುತ್ತಿದ್ದವರು ನಿಂತರು. "ವಾಲಗ! ವಾಲಗ!" ಅಂತ ಕೂಗು ಎದ್ದಿತು. ಆ ಹಾಡಿನ ಉದ್ದಕ್ಕೂ ಕೂಗು ನಿಲ್ಲಲಿಲ್ಲ. ಸಿಟ್ಟಿನ ಕೂಗೇನಲ್ಲ, ನಗುನಗುತ್ತಲೇ ಕೂಗುತ್ತಿದ್ದರು. ಆದರೆ ಹಾಡು ಯಾರ ಕಿವಿಗೂ ಬೀಳಲಿಲ್ಲ. ಅದು ಮುಗಿಯುತ್ತಿದ್ದಂತೆ ನಾನು ಕೈ ತೋರಿಸಿ ಇಳಿಸಬೇಕಾಯಿತು. ಹೊತ್ತು ಮುಗಿದಿತ್ತು.

ಕೆಳಗೆ ಬಂದಾಗ ಸಮಿತಿಯ ಹಿರಿಯರೊಬ್ಬರು ತಬಲಾ ಹುಡುಗನ ಬೆನ್ನು ತಟ್ಟಿದರು. "ಚೆನ್ನಾಗಿತ್ತು ಮಕ್ಕಳೇ. ಆದ್ರೆ ವಾಲಗಕ್ಕೆ ನಮ್ಮಲ್ಲೇ ಜನ ಇದ್ದಾರಲ್ಲ. ನಿಮ್ಮದು ಏನಿತ್ತೋ ಅದು ಸರಿಯಾಗಿ ಕೇಳಲಿಲ್ಲ ನಮಗೆ." ಬೈದಂತೆ ಇರಲಿಲ್ಲ. ಊಟ ಮಾಡಿಕೊಂಡು ಹೋಗಿ ಅಂತಲೂ ಹೇಳಿದರು.

ಅವರ ಮಾತಿನಲ್ಲಿ ಒಂದು ಸತ್ಯವಿತ್ತು. ವಾಲಗ ನುಡಿಸುವುದನ್ನೇ ಕಸುಬಾಗಿ ಮಾಡಿಕೊಂಡ ಕುಟುಂಬಗಳು ಜಿಲ್ಲೆಯಲ್ಲಿ ಇವೆ. ಅವರ ಕೈಯಲ್ಲಿ ಅದು ರಾತ್ರಿಯಿಡೀ ಓಡುತ್ತದೆ. ಅದರ ಎರಡು ನಿಮಿಷದ ನಕಲು ಹಸಿವು ಎಬ್ಬಿಸಬಹುದು, ಊಟ ಬಡಿಸಲಾರದು.

ಶನಿವಾರದ ಚರ್ಚೆ

ಶನಿವಾರ ಅವರು ಉಳಿದುಕೊಂಡಿದ್ದ ಹೋಂಸ್ಟೇಗೆ ನಾನೂ ಸೌಂಡಿನ ಅಣ್ಣನೂ ಹೋದೆವು. ಈ ಅಣ್ಣ ಜಿಲ್ಲೆಯ ಎಷ್ಟೋ ವೇದಿಕೆಗಳಿಗೆ ಮೈಕು ಹಾಕಿದವರು. ಮಾತು ಕಡಿಮೆ. ಮಿಕ್ಸರ್ ಪಕ್ಕದಲ್ಲಿ ಫೋನ್ ಇಟ್ಟು ಇಡೀ ಕಾರ್ಯಕ್ರಮ ರೆಕಾರ್ಡ್ ಮಾಡಿದ್ದರು. ಅದನ್ನೇ ಹಾಕಿದರು.

ಕೇಳುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಹಾಡು ನಡೆಯುವಾಗ ಮೈದಾನದ ಗದ್ದಲ ಅಷ್ಟೇನೂ ಏರುತ್ತಿರಲಿಲ್ಲ. ಏರುತ್ತಿದ್ದದ್ದು ಹಾಡುಗಳ ನಡುವೆ. ಶ್ರುತಿ, ಮಾತು, ಮತ್ತೆ ಶ್ರುತಿ. 25 ನಿಮಿಷದಲ್ಲಿ ಐದಾರು ನಿಮಿಷ ಅದಕ್ಕೇ ಹೋಗಿತ್ತು. ಪ್ರತಿ ಸಲ ಆ ಗದ್ದಲದ ಮೇಲೆ ಮುಂದಿನ ಹಾಡು ಶುರುವಾಗಬೇಕು. ಹಾಡು ಇಷ್ಟವಾಗದೆ ಜನ ಹೋದರು ಅಂತ ಹುಡುಗರು ಅಂದುಕೊಂಡಿದ್ದರು. ರೆಕಾರ್ಡಿಂಗ್ ಬೇರೆಯದನ್ನೇ ಹೇಳುತ್ತಿತ್ತು.

ನಿಜವಾದ ಜಗಳ ವಾಲಗದ ಬಗ್ಗೆ. ಗಿಟಾರ್ ಹುಡುಗನ ವಾದ ಸರಳ. ಕೆಲಸ ಮಾಡಿದ್ದು ಅದೊಂದೇ, ನಾಳೆ ಅದರಿಂದಲೇ ಶುರು ಮಾಡೋಣ. ಡ್ರಮ್ಸ್ ಹುಡುಗನೂ ಅವನ ಕಡೆ. ಗಾಯಕಿ ಒಪ್ಪಲಿಲ್ಲ. "ಅವರು ಎದ್ದಿದ್ದು ವಾಲಗಕ್ಕೆ. ನಮಗಲ್ಲ. ಆಮೇಲೆ ನಾವು ಹಾಡಿದ್ದೆಲ್ಲ ಅವರಿಗೆ ಅಡ್ಡಿ ಆಯ್ತು ಅಷ್ಟೇ" ಅಂದಳು. ಗೆದ್ದದ್ದನ್ನೇ ಬಿಡುವ ಧೈರ್ಯ ದೊಡ್ಡದು. ಇಡೀ ಪ್ರಕರಣದ ತಿರುವು ಇದು ಅಂತ ನನ್ನ ಅನಿಸಿಕೆ.

ನನಗೆ ಆಗ ಎರಡು ವಿಷಯ ಹೊಳೆದವು. 1967ರಲ್ಲಿ ಅಮೆರಿಕದಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮಂಕೀಸ್ ಅನ್ನುವ ಪಾಪ್ ತಂಡಕ್ಕೆ ಮುಂಚೆ ನುಡಿಸುತ್ತಿದ್ದ. ಮಂಕೀಸ್‌ನ ನೋಡಲು ಬಂದ ಹದಿಹರೆಯದವರು ಅವನು ನುಡಿಸುವಾಗಲೇ ಅವರ ಹೆಸರು ಕೂಗುತ್ತಿದ್ದರು. ಕೆಲವೇ ಪ್ರದರ್ಶನಗಳ ನಂತರ ಅವನು ಆ ಪ್ರವಾಸ ಬಿಟ್ಟ. ಕೈಚಳಕ ಎಷ್ಟಿದ್ದರೂ ಬೇರೆಯವರಿಗಾಗಿ ಬಂದ ಜನ ಬೇರೆಯವರನ್ನೇ ಕೇಳುತ್ತಾರೆ. ಎರಡನೆಯದು ನಮ್ಮದೇ ಯಕ್ಷಗಾನ. ಚೆಂಡೆಯ ಸದ್ದಿಗೆ ಜನ ಸೇರುತ್ತಾರೆ. ಪ್ರಸಂಗಕ್ಕೆ ಮುಂಚೆ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರ ವೇಷ ಬರುತ್ತವೆ. ಹೊಸಬರು, ಮಕ್ಕಳು ಅಲ್ಲೇ ಹೆಜ್ಜೆ ಕಲಿಯುವುದು. ಆ ಹೊತ್ತಿಗೆ ಜನ ಚಾಪೆ ಹಾಸುತ್ತಾ, ಕಡಲೆ ಕೊಳ್ಳುತ್ತಾ ಇರುತ್ತಾರೆ. ಯಾರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಈ ಎರಡನೆಯದನ್ನು ನಾನು ಹುಡುಗರಿಗೆ ಹೇಳಿದೆ. ತಬಲಾದವನಿಗೆ ತಟ್ಟಿತು, ಅವನದು ಯಕ್ಷಗಾನ ನಡೆಯುವ ಸಂಪಾಜೆ ಕಡೆಯ ಮನೆ. ಗಿಟಾರಿನವನು ನಕ್ಕ.

ಕೊನೆಗೆ ತೀರ್ಮಾನಗಳಾದವು. ವಾಲಗ ಬೇಡ. ಡ್ರಮ್ ಕಿಟ್ ಬೇಡ, ಕಹೋನ್ ಪೆಟ್ಟಿಗೆ ಸಾಕು. ಅದರ ಮೇಲೆ ಕೂತು ಬಾರಿಸಬಹುದು, ಜಾಗವೂ ಉಳಿಯುತ್ತದೆ. ಅತ್ಯುತ್ತಮ ಹಾಡು ಎರಡನೆಯದು, ಯಾಕಂದರೆ ಮೊದಲನೆಯದರಲ್ಲಿ ಜನ ಇನ್ನೂ ತಿರುಗಿ ನೋಡುತ್ತಿರುತ್ತಾರೆ. ಪಟ್ಟಿ ಎರಡು, ಒಂದು 25 ನಿಮಿಷಕ್ಕೆ, ಇನ್ನೊಂದು 15ಕ್ಕೆ. ಮಾತು ಅಂದರೆ ತಂಡದ ಹೆಸರು, ಎರಡು ಸಲ. ಮುಖ್ಯ ಗಾಯಕರ ಹೆಸರು ಒಂದು ಸಲ. ವಾದ್ಯಗಳು ಅರ್ಧ ಗಂಟೆ ಮೊದಲೇ ಹೊರಗೆ, ತಬಲಾ ಬಟ್ಟೆ ಹೊದ್ದು ಇರಬೇಕು, ಶ್ರುತಿ ಆಮೇಲೆ.

ಸೌಂಡಿನ ಅಣ್ಣ ಹೇಳಿದ್ದು ಒಂದೇ ಮಾತು. "ಮೊದಲ ಹಾಡು ನನಗೆ ಕೊಡಿ." ಅಂದರೆ, ವಾದ್ಯಗಳು ಒಂದೊಂದಾಗಿ ಸೇರುವ ಹಾಡು ಮೊದಲು ಇರಲಿ. ಬರೀ ದನಿ ಮತ್ತು ತಬಲಾದಿಂದ ಶುರುವಾಗಲಿ. ಅವೆರಡನ್ನು ಸರಿ ಮಾಡುವಷ್ಟರಲ್ಲಿ ಬೇಸ್ ಬರಲಿ, ಆಮೇಲೆ ಗಿಟಾರ್. ಸೌಂಡ್ ಚೆಕ್ ಸಿಗದಿದ್ದರೆ ಹಾಡಿನ ಒಳಗೇ ಅದು ನಡೆದುಹೋಗುತ್ತದೆ. ಕೇಳುವವರಿಗೆ ಹಾಡು ಮೆಲ್ಲಗೆ ತುಂಬಿಕೊಂಡಂತೆ ಕಾಣುತ್ತದೆ, ಅಷ್ಟೇ. ಹೊಸ ತಂಡಗಳು ಈ ಪ್ರಕರಣದಿಂದ ಒಂದನ್ನೇ ಒಯ್ಯುವುದಾದರೆ ಇದನ್ನು ಒಯ್ಯಲಿ.

ಭಾನುವಾರ

ಸೌಂಡ್ ಚೆಕ್ ಆ ದಿನವೂ ಸಿಗಲಿಲ್ಲ. ಮೊದಲ ಹಾಡಿನಲ್ಲಿ ಅಣ್ಣ ತಮ್ಮ ಕೆಲಸ ಮುಗಿಸಿದರು. ಎರಡನೆಯ ಹಾಡು ಶುರುವಾಗುವಾಗ ಜಡಿಮಳೆ ಹಿಡಿಯಿತು. ಮೈದಾನದ ಅಂಚಿನಲ್ಲಿ, ಅಂಗಡಿ ಬಳಿ ನಿಂತಿದ್ದವರೆಲ್ಲ ಶಾಮಿಯಾನದ ಕೆಳಗೆ ಬಂದರು. ತಂಡಕ್ಕೆ ಇದ್ದಕ್ಕಿದ್ದಂತೆ ಒತ್ತಾಗಿ ನಿಂತ ಜನ ಸಿಕ್ಕರು. ಇದು ಅದೃಷ್ಟ. ಅದನ್ನು ತಂಡದ ಲೆಕ್ಕಕ್ಕೆ ಬರೆಯಲು ಆಗದು. ಆದರೆ ಜನ ಬಂದ ಹೊತ್ತಿಗೆ ಸರಿಯಾಗಿ ಅತ್ಯುತ್ತಮ ಹಾಡು ನಡೆಯುತ್ತಿತ್ತು, ಅದು ಶನಿವಾರದ ತೀರ್ಮಾನದಿಂದ ಬಂದದ್ದು. ಹಾಡು ಮುಗಿದಾಗ ಚಪ್ಪಾಳೆ ಬಂತು. ದೊಡ್ಡದೇನಲ್ಲ. ತಂಡದ ಹೆಸರು ಹೇಳಿ ತಕ್ಷಣ ಮೂರನೆಯ ಹಾಡು ಹಿಡಿದರು. ಗದ್ದಲ ಏರಲು ಸಂದಿಯೇ ಸಿಗಲಿಲ್ಲ.

ನಾಲ್ಕನೆಯ ಹಾಡು ನಡೆಯುವಾಗ ನನಗೆ ಫೋನ್ ಬಂತು. ಮುಖ್ಯ ಗಾಯಕರು ಶನಿವಾರ ಮಂಗಳೂರಿನಲ್ಲಿ ಹಾಡಿ ಬರುತ್ತಿದ್ದರು. ಅವರ ತಂಡದವರು ಬೇಗ ಬಂದು ಚೆಕ್ ಮುಗಿಸಿದ್ದರು, ಗಾಯಕರ ಕಾರು ಮಾತ್ರ ಸಂಪಾಜೆ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿತ್ತು. ಸಂಘಟಕರು ಓಡಿ ಬಂದು "ಇನ್ನೊಂದರ್ಧ ಗಂಟೆ ಎಳೀರಿ, ತಡ ಆಗ್ತಿದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ" ಅಂದರು.

ಮುಂಚೆ ಹಾಡುವ ತಂಡಕ್ಕೆ ಇದಕ್ಕಿಂತ ಇಕ್ಕಟ್ಟು ಬೇರೆ ಇಲ್ಲ. ಜನ ಕಾಯುತ್ತಿರುವುದು ಬೇರೆಯವರಿಗೆ. ಕಾರಣ ಹೇಳದೆ ಹಾಡುತ್ತಾ ಹೋದರೆ ಪ್ರತಿ ಹಾಡೂ ಇವರೇ ಬೇಕಂತ ಎಳೆಯುತ್ತಿರುವಂತೆ ಕಾಣುತ್ತದೆ. ಸಿಟ್ಟು ಬೀಳುವುದು ತಪ್ಪೇ ಮಾಡದವರ ಮೇಲೆ. ಗಾಯಕಿ ಮೈಕ್ ಮುಚ್ಚಿ ಸಂಘಟಕರಿಗೆ ಹೇಳಿದಳು: "ಸಾರ್, ಹಾಡ್ತೀವಿ. ಆದ್ರೆ ಘಾಟಿಲಿ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ನೀವೇ ಹೇಳ್ಬೇಕು. ಮೂರು ಹಾಡು ಹಾಡಿ ಇಳೀತೀವಿ." ಅವರಿಗೆ ಇಷ್ಟವಾಗಲಿಲ್ಲ. ಬೇರೆ ದಾರಿ ಇರಲಿಲ್ಲ. ನಿರೂಪಕಿ ಹೇಳಿದಳು. ಓ ಅಂತ ಒಂದು ಬೇಸರದ ಕೂಗು ಎದ್ದು ತಣ್ಣಗಾಯಿತು. ಘಾಟಿ ರಸ್ತೆಯ ಕಥೆ ಕೊಡಗಿನವರಿಗೆ ವಿವರಿಸಬೇಕಾ? 2018ರ ಮಳೆಗೆ ಕುಸಿದು ತಿಂಗಳುಗಟ್ಟಲೆ ತೊಂದರೆ ಕೊಟ್ಟ ರಸ್ತೆ ಅದು.

ಮೂರರಲ್ಲಿ ಒಂದು, ಶಾಲೆಯಲ್ಲಿ ಎಲ್ಲರೂ ಹಾಡಿದ ಭಾವಗೀತೆ. ಇಡೀ ಶಾಮಿಯಾನ ದನಿಗೂಡಿಸಿತು. ಇನ್ನೊಂದು ಹೊಸ ಹಾಡು. ಮೂರನೆಯದಾಗಿ ತಮ್ಮ ಅತ್ಯುತ್ತಮ ಹಾಡನ್ನೇ ಮತ್ತೆ ಹಾಡಿದರು. "ಆಗ ಬಂದಿರದವರಿಗೆ" ಅಂತ ಗಾಯಕಿ ಹೇಳಿದಳು. ಅರ್ಧ ಜನ ಆಮೇಲೆ ಬಂದವರೇ. ಮೊದಲೇ ಕೇಳಿದವರಲ್ಲಿ ಕೆಲವರು ಪಲ್ಲವಿ ಗುನುಗಿದರು. ಹೇಳಿದಂತೆ ಮೂರು ಮುಗಿಸಿ ಇಳಿದರು. ಕಾರು ಇನ್ನೂ ಬಂದಿರಲಿಲ್ಲ. ಹತ್ತು ಹದಿನೈದು ನಿಮಿಷ ರೆಕಾರ್ಡ್ ಹಾಡು ಹಾಕಬೇಕಾಯಿತು, ಸಂಘಟಕರು ಮುಖ ಊದಿಸಿಕೊಂಡರು. ಇನ್ನೊಂದು ಹಾಡು ಹಾಡಬಹುದಿತ್ತು ಅಂತ ನನಗೂ ಅನಿಸುತ್ತದೆ. ಗಾಯಕಿ ಈಗಲೂ ಒಪ್ಪುವುದಿಲ್ಲ.

ಏನು ಸಿಕ್ಕಿತು, ಏನು ಸಿಗಲಿಲ್ಲ

ದುಡ್ಡಿನ ಲೆಕ್ಕದಲ್ಲಿ ಏನೂ ಉಳಿಯಲಿಲ್ಲ. ವ್ಯಾನು, ಊಟ, ವಸತಿ ಕಳೆದರೆ ಸೊನ್ನೆ. ಭಾನುವಾರ ಇಳಿದ ಮೇಲೆ ಕೆಲವರು ಬಂದು ತಂಡದ ಹೆಸರು ಮತ್ತೆ ಕೇಳಿಕೊಂಡು ಹೋದರು. ಕಾಲೇಜಿನ ಉಪನ್ಯಾಸಕರೊಬ್ಬರು ತಮ್ಮಲ್ಲಿಗೆ ಬರಲು ಕೇಳಿದರು, ಈ ಸಲ ಮುಖ್ಯ ತಂಡವಾಗಿ. ಶುಕ್ರವಾರದ ರಾತ್ರಿಯಿಂದ ಇಂಥದ್ದೇನೂ ಹುಟ್ಟಿರಲಿಲ್ಲ.

ಇದೆಲ್ಲ ಬದಲಾವಣೆಗಳಿಂದಲೇ ಆಯಿತು ಅಂತ ಬರೆದರೆ ಓದುವವರಿಗೆ ಮೋಸ. ಎರಡನೆಯ ಊರಿನಲ್ಲಿ ಕನ್ನಡವೇ ಮನೆಮಾತಾದವರು ಹೆಚ್ಚಿದ್ದರು, ಹಾಡಿನ ಸಾಹಿತ್ಯ ನೇರ ತಲುಪಿತು. ಮಳೆ ಜನರನ್ನು ತಂದಿತು. ಘಾಟಿ ಹೊತ್ತು ತಂದಿತು. ಇವನ್ನು ತೆಗೆದರೆ ಉಳಿಯುವುದೇನು? ನನ್ನ ಪ್ರಕಾರ ಎರಡು ಉಳಿಯುತ್ತವೆ. ಹಾಡುಗಳ ನಡುವಿನ ಸಂದಿ ಮುಚ್ಚಿದ್ದು ಮತ್ತು ಒಳ್ಳೆಯ ಹಾಡನ್ನು ಮುಂದೆ ತಂದದ್ದು. ಇವೆರಡು ಯಾವ ಊರಿನಲ್ಲಾದರೂ, ಯಾವ ಭಾಷೆಯವರ ಮುಂದಾದರೂ ಕೆಲಸ ಮಾಡುತ್ತಿದ್ದವು. ಶುಕ್ರವಾರವೂ ಮಾಡುತ್ತಿದ್ದವು. ಡ್ರಮ್ ಕಿಟ್ ಬಿಟ್ಟದ್ದರಿಂದ ಲಾಭವಾಯಿತೋ ಇಲ್ಲವೋ, ನನಗೆ ಅಷ್ಟು ಖಾತ್ರಿಯಿಲ್ಲ. ದೊಡ್ಡ ಮೈದಾನದಲ್ಲಿ ಕಹೋನ್ ಸದ್ದು ತೆಳುವಾಗಿತ್ತು.

ವಾಲಗ ಬಿಟ್ಟದ್ದು ಸರಿಯೇ ಅನ್ನುವುದಕ್ಕೆ ಈ ಪ್ರಕರಣದಲ್ಲಿ ಪುರಾವೆ ಇಲ್ಲ, ಏಕೆಂದರೆ ಎರಡನೆಯ ಊರಿನ ಜನ ಅದನ್ನು ಕೇಳಿ ಹೇಗೆ ಕುಣಿಯುತ್ತಿದ್ದರೋ ಪರೀಕ್ಷೆಯೇ ಆಗಲಿಲ್ಲ. ಗಿಟಾರ್ ಹುಡುಗ ಇದನ್ನೇ ಹಿಡಿದು ಇವತ್ತಿಗೂ ವಾದ ಮಾಡುತ್ತಾನೆ. ಆದರೆ ಅವನ ವಾದ ಸ್ವಲ್ಪ ಬದಲಾಗಿದೆ. ಶುಕ್ರವಾರದ ಊರಿನಲ್ಲಿ ಮತ್ತೊಂದು ಅವಕಾಶ ಬರುವಂತಿದೆ. ಈ ಸಲ ನಕಲು ಬೇಡ, ವಾಲಗದವರನ್ನೇ ವೇದಿಕೆಗೆ ಕರೆದು ಅವರೊಂದಿಗೆ ಒಂದು ಹಾಡು ಕಟ್ಟೋಣ ಅನ್ನುವುದು ಅವನ ಯೋಚನೆ. ಆ ಸಮಿತಿಯ ಹಿರಿಯರಿಗೆ ಫೋನ್ ಮಾಡಿ ಕೇಳಿದ್ದಾನೆ. ಅವರಿಗೂ ಇಷ್ಟ. ವಾಲಗದವರ ಸಂಭಾವನೆ ಯಾರು ಕೊಡಬೇಕು ಅನ್ನುವಲ್ಲಿ ಮಾತು ನಿಂತಿದೆ.